ದೊಡ್ಡಮ್ಮನ ಸಾರಿನ ಚಮಚ

ಇವತ್ತು ಬೆಳಿಗ್ಗೆ ಸೋಮವಾರಪೇಟೆಯಲ್ಲಿ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಅಕ್ಕಿರೊಟ್ಟಿ ತಿಂದು ಕಾಫಿ ಕುಡಿದವರೇ ಹೊಟ್ಟೆಹುಣ್ಣಿನ ಔಷಧಿಯ ಬಾಟಲಿಯನ್ನೆತ್ತಿ, ಒಮ್ಮೆಯೂ ಕುಲುಕದೆ, ಸಾರಿನ ಚಮಚಕ್ಕೆ ಸುರಿದುಕೊಂಡು ನುಂಗಿದರು. ಅದರ ಹಿಂದೆಯೇ ಥೈರಾಯ್ಡ್ ಮಾತ್ರೆ. ನನಗೆ ತಡೆಯಲಾಗಲಿಲ್ಲ, ಕೂಗಿಯೇಬಿಟ್ಟೆ. ಇನ್ನೂ ಸಿಟ್ಟು ಇಳಿದಿಲ್ಲ.

ಅದು ಸುಕ್ರಾಲ್ಫೇಟ್. ಹೊಟ್ಟೆಯ ಆಮ್ಲದೊಂದಿಗೆ ಸೇರಿ ಅಂಟಿನಂತಾಗಿ, ಹುಣ್ಣಿನ ಮೇಲೆ ಪದರವಾಗಿ ಕೂರುವುದೇ ಅದರ ಕೆಲಸ. ಹೊಟ್ಟೆ ತುಂಬ ರೊಟ್ಟಿ ಇದ್ದರೆ ಅದು ಹುಣ್ಣನ್ನು ಮುಟ್ಟುವುದು ಹೇಗೆ? ಊಟಕ್ಕೆ ಒಂದು ಗಂಟೆ ಮೊದಲು, ಇಲ್ಲವೇ ಊಟವಾಗಿ ಎರಡು ಗಂಟೆಯ ನಂತರ, ಖಾಲಿ ಹೊಟ್ಟೆಯಲ್ಲೇ ಕುಡಿಯಬೇಕು. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆಯ ಅಂತರ ಬೇಕು, ಇಲ್ಲವಾದರೆ ಮಾತ್ರೆಯನ್ನೂ ಇದು ಹಿಡಿದಿಟ್ಟುಕೊಳ್ಳುತ್ತದೆ. ಇದನ್ನು ದೊಡ್ಡಮ್ಮನಿಗೆ ಯಾರೂ ಹೇಳಿಲ್ಲ. ಅಂಗಡಿಯವರು ಡಬ್ಬಿಯ ಮೇಲೆ ನಾಲ್ಕು ಗೀಟು ಎಳೆದು ಕೊಟ್ಟಿದ್ದಾರೆ, ಅಷ್ಟೇ.

"ತೋಟದ ಕೆಲಸದವರಿಗೆ ಗಂಟೆ ನೋಡಿ ಔಷಧಿ ಕುಡಿಯುವುದಕ್ಕೆ ಆಗುತ್ತದೆಯೇ ಮಗಳೇ?" ಎಂದರು. ಕಷ್ಟವಿದೆ, ಒಪ್ಪುತ್ತೇನೆ. ಆದರೆ ಇದೇ ಮನೆಯಲ್ಲಿ ಗಿಡದ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಮತ್ತು ಸುಣ್ಣವನ್ನು ತೂಕ ಮಾಡಿ ಹಾಕುತ್ತಾರೆ. ಮಳೆಗೆ ಮೊದಲೇ ಮುಗಿಯಬೇಕೆಂದು ದಿನ ಎಣಿಸುತ್ತಾರೆ. ತಳದಲ್ಲಿ ಕೂರದಂತೆ ಕಲಕುತ್ತಲೇ ಸಿಂಪಡಿಸುತ್ತಾರೆ. ಕಾಫಿ ಗಿಡಕ್ಕೆ ಸಿಗುವ ಈ ಎಚ್ಚರಿಕೆ ದೊಡ್ಡಮ್ಮನ ಹೊಟ್ಟೆಗೆ ಏಕಿಲ್ಲ? ಬಾಟಲಿಯ ಔಷಧಿಯೂ ತಳದಲ್ಲಿ ಕೂರುತ್ತದೆ. ಕುಲುಕದಿದ್ದರೆ ಮೊದಲ ದಿನಗಳಲ್ಲಿ ನೀರು, ಕೊನೆಗೆ ಗಟ್ಟಿ ಹಿಟ್ಟು. ಬಾಟಲಿಯ ಜೊತೆ ಬಂದಿದ್ದ ಗೀಟಿನ ಅಳತೆ ಮುಚ್ಚಳ ಕಿಟಕಿಯ ಮೇಲೆ ಧೂಳು ಹಿಡಿದು ಕುಳಿತಿತ್ತು.

ಅಪ್ಪನಿಗೂ ಹೊಟ್ಟೆಹುಣ್ಣಾಗಿದ್ದ ಸಂಗತಿ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಗೊತ್ತಿಲ್ಲದ ಒಂದು ಮಾತನ್ನು ಇವತ್ತು ಹೇಳುತ್ತೇನೆ. ಊರಿನವರು ಕರಿಮೆಣಸನ್ನು ದೂರಿದರು. ಆದರೆ ಅವರ ಹುಣ್ಣಿಗೆ ಕಾರಣ ವರ್ಷಗಟ್ಟಲೆ ನುಂಗಿದ ಮಂಡಿನೋವಿನ ಮಾತ್ರೆಗಳೆಂದು ವೈದ್ಯರು ಹೇಳಿದ್ದರು. ಔಷಧಿಯನ್ನು ಎಂಟು ವಾರ ಬರೆದಿದ್ದರು. ಹತ್ತನೆಯ ದಿನ ನೋವು ಹೋಯಿತೆಂದು ಅಪ್ಪ ಹೇಳಿದಾಗ ಬಾಟಲಿಯನ್ನು ಎತ್ತಿಟ್ಟವಳು ನಾನೇ. ನೋವು ಹೋಗಿತ್ತು, ಹುಣ್ಣು ವಾಸಿಯಾಗಿರಲಿಲ್ಲ. ಮಲ ಟಾರಿನಂತೆ ಕಪ್ಪಾಗಿದ್ದನ್ನು ಅವರು ಎರಡು ದಿನ ಯಾರಿಗೂ ಹೇಳಲಿಲ್ಲ. ಆಮೇಲೆ ಕಾಫಿ ಪುಡಿ ಕಲಸಿದಂತಹ ವಾಂತಿ. ಆ ಜಡಿಮಳೆಯಲ್ಲಿ ಮಡಿಕೇರಿಗೆ ಜೀಪಿನಲ್ಲಿ ಕರೆದೊಯ್ದ ರಾತ್ರಿಯನ್ನು ನಾನು ಮರೆತಿಲ್ಲ. ಅದಕ್ಕೇ ಇವತ್ತು ದೊಡ್ಡಮ್ಮನ ಮೇಲೆ ಅಷ್ಟು ಜೋರಾಗಿ ಕೂಗಿದ್ದು.

ಹೊರಡುವಾಗ ದೊಡ್ಡಮ್ಮ ಇನ್ನೊಂದು ಮಾತು ಹೇಳಿದರು: "ನಿನ್ನ ದೊಡ್ಡಪ್ಪನಿಗೂ ಹೊಟ್ಟೆಯುರಿ, ನಿನ್ನೆಯಿಂದ ಅವರಿಗೂ ಇದನ್ನೇ ಎರಡು ಚಮಚ ಕೊಡುತ್ತಿದ್ದೇನೆ." ದೊಡ್ಡಪ್ಪನ ಮೂತ್ರಪಿಂಡಗಳು ಸರಿಯಿಲ್ಲ. ಈ ಔಷಧಿಯಲ್ಲಿ ಅಲ್ಯೂಮಿನಿಯಂ ಇದೆ, ಅಂಥವರ ಮೈಯಿಂದ ಅದು ಸರಿಯಾಗಿ ಹೊರಹೋಗುವುದಿಲ್ಲ. ಚಪ್ಪಲಿ ಕಳಚಿ ಮತ್ತೆ ಒಳಗೆ ಹೋದೆ. ವೈದ್ಯರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಡಬ್ಬಿಯ ಮೇಲೆ ದೊಡ್ಡಮ್ಮನ ಹೆಸರನ್ನೂ ನಾಲ್ಕು ಹೊತ್ತಿನ ಗಂಟೆಗಳನ್ನೂ ದಪ್ಪ ಅಕ್ಷರದಲ್ಲಿ ಬರೆದು, ತೊಳೆದ ಅಳತೆ ಮುಚ್ಚಳವನ್ನು ಬಾಟಲಿಯ ಮೇಲೆಯೇ ಕವುಚಿಟ್ಟು ಬಂದೆ.