ಕೋವಿಗೆ ಬೇಡ, ಸಿನಿಮಾಕ್ಕೆ ಬೇಕು

ಮೊನ್ನೆ ಕೊಡಗಿನ ಗೋಣಿಕೊಪ್ಪದ ಹೋಟೆಲೊಂದರಲ್ಲಿ ನನ್ನ ಭಾವನೆಗೆ ಧಕ್ಕೆಯಾಯಿತು. ಕಾಫಿ ತಣ್ಣಗಿತ್ತು. ಪಕ್ಕದ ಟೇಬಲ್ಲಿನವರಿಗೆ ಆದದ್ದು ಇನ್ನೂ ದೊಡ್ಡ ಧಕ್ಕೆ. ಯಾರೋ ಹುಡುಗರು ಅವರಿವರ ಹತ್ತಿರ ದುಡ್ಡು ಕೂಡಿಸಿ ಸಣ್ಣದೊಂದು ಸಿನಿಮಾ ಮಾಡಿದ್ದಾರಂತೆ. ಒಬ್ಬಳು ಹೆಣ್ಣುಮಗಳು ತನಗೆ ಬೇಕಾದ್ದು ತಿಂದುಕೊಂಡು, ಬೇಕಾದವರ ಜೊತೆ ಓಡಾಡಿಕೊಂಡು ಇರುತ್ತಾಳಂತೆ. ಊರಿಗೆ ಅದು ಸಹಿಸುವುದಿಲ್ಲವಂತೆ. ಈ 'ಅಂತೆ'ಗಳ ಮೇಲೆಯೇ, ಸಿನಿಮಾ ತಡೆಯಿರಿ ಅಂತ ಮನವಿ ಪತ್ರ ತಯಾರಾಗಬೇಕಿತ್ತು. ಅಕ್ಷರ ದುಂಡಗಿದೆ ಅನ್ನುವ ಒಂದೇ ತಪ್ಪಿಗೆ ಪೆನ್ನು ನನ್ನ ಕೈಗೆ ಬಂತು.

"ಸಿನಿಮಾ ನೋಡಿದ್ದೀರಾ ಅಣ್ಣ?"

"ಬಿಡುಗಡೆಯೇ ಆಗಿಲ್ಲ, ಎಲ್ಲಿ ನೋಡೋದು?"

"ಟ್ರೈಲರ್?"

"11 ಸೆಕೆಂಡ್ ನೋಡಿದೆ. ಆಮೇಲೆ ಸುತ್ತಲಿಕ್ಕೆ ಶುರುವಾಯ್ತು."

ನಮ್ಮ ಕಡೆ ಮಳೆ ಹಿಡಿದರೆ ಕರೆಂಟು ಹೋಗುತ್ತದೆ, ಅದರ ಹಿಂದೆಯೇ ಟವರ್ ಹೋಗುತ್ತದೆ. ಆ 11 ಸೆಕೆಂಡನ್ನು ನಾನೂ ನೋಡಿದೆ. ಒಂದು ಹೆಂಚಿನ ಮನೆ. ಛತ್ರಿ ಹಿಡಿದು ನಿಂತ ಹುಡುಗಿ. ಅವಳ ಹಿಂದೆ ಕಣದಲ್ಲಿ ಹರವಿದ ಕಾಫಿ. ಸುರಿಯುವ ಮಳೆಯಲ್ಲಿ ಕಾಫಿ ಒಣಹಾಕಿದ್ದಾರೆ! ತೋಟದವರ ಭಾವನೆಗೆ ಧಕ್ಕೆ ಆಗಬೇಕಾದ್ದು ನಿಜವಾಗಿ ಅಲ್ಲಿ. ಅದನ್ನು ಯಾರೂ ಗಮನಿಸಿಯೇ ಇರಲಿಲ್ಲ.

ಪತ್ರದ ಮೊದಲ ಸಾಲು ಹೇಳಿದರು: 'ನಮ್ಮ ಜಿಲ್ಲೆಯಲ್ಲಿ ಅಸಹಿಷ್ಣುತೆ ಎಂಬುದೇ ಇಲ್ಲ.' ಎರಡನೆಯದು: 'ಇದೆ ಎಂದು ತೋರಿಸಿದರೆ ಮುಂದಿನ ಅನಾಹುತಕ್ಕೆ ನಾವು ಹೊಣೆಯಲ್ಲ.' ನಡುವೆ ಒಂದು 'ಆದರೆ' ಬೇಕಲ್ವಾ ಎಂದೆ. 'ಆದ್ದರಿಂದ' ಹಾಕಿ ಅಂದರು. ಹಾಕಿದೆ.

"ಆ ಸಿನಿಮಾಕ್ಕೆ ಲೈಸೆನ್ಸ್ ಉಂಟಾ?" ಮೂಲೆಯಿಂದ ಸುಬೇದಾರ್ ಮಾವ ಕೇಳಿದರು. ಸೇನೆಯಿಂದ ನಿವೃತ್ತರಾದವರು, ಮಾತು ಕಮ್ಮಿ.

ಉಂಟು ಮಾವ, ಉಂಟು. 1952ರ ಸಿನಿಮಾ ಕಾಯ್ದೆ ಪ್ರಕಾರ ಸರ್ಟಿಫಿಕೇಟ್ ಇಲ್ಲದೆ ಥಿಯೇಟರಿನಲ್ಲಿ ರೀಲು ಅಲ್ಲಾಡುವ ಹಾಗಿಲ್ಲ. 2023ರ ತಿದ್ದುಪಡಿಯಲ್ಲಿ ಯು/ಎ ಸರ್ಟಿಫಿಕೇಟಿನ ಒಳಗೇ 7, 13, 16 ವರ್ಷ ಅಂತ ಮೂರು ಮೆಟ್ಟಿಲು ಮಾಡಿದ್ದಾರೆ. ಮಕ್ಕಳಿಗೆ ದೊಡ್ಡವರ ಮಾರ್ಗದರ್ಶನ ಬೇಕಂತೆ. 50 ದಾಟಿದವರಿಗೆ ಯಾರ ಮಾರ್ಗದರ್ಶನ ಅಂತ ಎಲ್ಲೂ ಬರೆದಿಲ್ಲ. ಸೆನ್ಸಾರ್ ಕತ್ತರಿ ಹಾಕಿದರೆ ಮೊದಲು ಮೇಲ್ಮನವಿಗೆ ಒಂದು ನ್ಯಾಯಮಂಡಳಿ ಇತ್ತು. 2021ರಲ್ಲಿ ಅದನ್ನೂ ಎತ್ತಿದರು. ಈಗ ಸೀದಾ ಹೈಕೋರ್ಟಿಗೇ ಹೋಗಬೇಕು. ಸಿನಿಮಾಕ್ಕೆ ಕೂಡಿಸಿದ ದುಡ್ಡು ವಕೀಲರಿಗೆ ಸಾಕಾಗುತ್ತದೋ ಇಲ್ಲವೋ.

ಇನ್ನು ಮಾವನ ಮನೆಯ ಕೋವಿ. ಅದಕ್ಕೆ ಲೈಸೆನ್ಸ್ ಬೇಡ. ಕೊಡವರಿಗೂ ಜಮ್ಮಾ ಅನ್ನುವ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಹೈಕೋರ್ಟೂ ಸರಿ ಎಂದಿತು. ಕೈಲ್ ಪೊಳ್ದ್ ಅನ್ನುವ ಆಯುಧಪೂಜೆ ಹಬ್ಬದ ದಿನ ನಳಿಗೆಗೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿ ಕೈಮುಗಿಯುತ್ತಾರೆ. ಸುಗ್ಗಿ ಹಬ್ಬ ಪುತ್ತರಿಯ ರಾತ್ರಿ ಕದಿರು ಕೊಯ್ಯುವ ಮುಂಚೆ ಗದ್ದೆಯಲ್ಲಿ ಢಂ ಅಂತ ಒಂದು ಗುಂಡು ಆಕಾಶಕ್ಕೆ ಹೋಗುತ್ತದೆ. ಮಕ್ಕಳೂ ಬೆಚ್ಚುವುದಿಲ್ಲ. ಅಂಥ ಜನರಿಗೆ ಛತ್ರಿ ಹಿಡಿದ ಒಬ್ಬಳು ಹುಡುಗಿಯ ಭಯ!

ನಾನು ಸುಮ್ನೆ ಇರದೆ 1989ರ ಸುಪ್ರೀಂ ಕೋರ್ಟ್ ತೀರ್ಪಿನ ವಿಷಯ ಎತ್ತಿದೆ. ಮೀಸಲಾತಿ ಬಗ್ಗೆ ಒಂದು ತಮಿಳು ಸಿನಿಮಾ. ಗಲಾಟೆಯಾಗುತ್ತದೆ ಅಂತ ಸರ್ಕಾರವೇ ಕೈಚೆಲ್ಲಿತ್ತು. ಗಲಾಟೆ ಮಾಡುವವರನ್ನು ತಡೆಯುವುದು ನಿಮ್ಮ ಕೆಲಸ, ಸಿನಿಮಾ ತಡೆಯುವುದಲ್ಲ ಎಂದಿತು ಕೋರ್ಟು. ಅಪಾಯ ಅಂದರೆ ಮದ್ದಿನ ಪೀಪಾಯಿಗೆ ಕಿಡಿ ಬಿದ್ದ ಹಾಗಿರಬೇಕು ಅಂತಲೂ ಹೇಳಿತು.

"ಮದ್ದು ಇರೋದು ನನ್ನ ಮನೇಲಿ," ಅಂದರು ಮಾವ. "ಅದೇ ಸುಮ್ಮನೆ ಬಿದ್ದಿದೆಯಲ್ಲ. ನಿಮ್ಮದೆಂತ?"

ಯಾರೂ ಉತ್ತರ ಕೊಡಲಿಲ್ಲ. ಸಹಿ ಹಾಕುವುದರಲ್ಲಿ ಎಲ್ಲರೂ ಬ್ಯುಸಿಯಾದರು. ಕೊನೆಗೆ ಮುಂದಾಳು ಅಣ್ಣ ಪತ್ರ ಮಡಚಿ ಜೇಬಿಗಿಟ್ಟು, ನನ್ನ ಕಿವಿಯ ಹತ್ತಿರ ಬಂದರು.

"ಆ ಹುಡುಗರ ನಂಬರ್ ಉಂಟಾ ನಿಮ್ಮ ಹತ್ರ? ಆ ಹೆಂಚಿನ ಮನೆ ನನ್ನ ಭಾವಂದು ಅಂತ ಕಾಣ್ತದೆ. ಹೋಂಸ್ಟೇ ಹೆಸರು ಹಾಕಿದ್ದಾರಾ ಅಂತ ಕೇಳಬೇಕಿತ್ತು. ಸೀಸನ್ ಬೇರೆ ಡಲ್ಲು."

ಪತ್ರ ವಾಪಸ್ ಕೊಡಿ ಅಂದೆ. 'ಭಾವನೆಗೆ' ಅಂತ ಇದ್ದದ್ದನ್ನು 'ಭಾವನ ಮನೆಗೆ' ಅಂತ ತಿದ್ದಬೇಕಿತ್ತು.