ಭುಜಕ್ಕೆ ನಂಬರ್ ಬಿದ್ದಿಲ್ಲ

ಕಾರವಾರದಿಂದ ಶಿರಸಿವರೆಗೆ ಯಾವ ಸರ್ಕಾರಿ ಕಚೇರಿಗೆ ಬೇಕಾದರೂ ಹೋಗಿ, ಮೇಜಿನ ಕಾಲು ಬಗ್ಗಿ ನೋಡಿ. ಬಿಳಿ ಬಣ್ಣದಲ್ಲಿ ದಾಸ್ತಾನು ನಂಬರ್ ಬರೆದಿರುತ್ತದೆ. ಮೇಜಿಗೆ ಕೂತವರ ಭುಜಕ್ಕೆ ಆ ಭಾಗ್ಯವಿಲ್ಲ. ಆದ್ದರಿಂದ ಮೇಜು ಮುರಿದರೆ ವಿಚಾರಣೆ, ಭುಜ ಹಿಡಿದರೆ ಮುಲಾಮು.

ಮೇಜಿನ ಎತ್ತರ 30 ಅಂಗುಲ. ಪೆನ್ನಿನಲ್ಲಿ ಷರಾ ಬರೆಯುತ್ತಿದ್ದ ಕಾಲದ ಅಳತೆ. ಮೇಲೊಂದು ಅಂಗುಲ ದಪ್ಪದ ಕೀಬೋರ್ಡ್; ಅಲ್ಲಿಗೆ 31. ಕುರ್ಚಿಯೋ 18 ಅಂಗುಲ. ಐದಡಿ ಎರಡಂಗುಲದ ಕಂಪ್ಯೂಟರ್ ಆಪರೇಟರ್ ಮಹಿಳೆ ಕೂತರೆ ಮೊಣಕೈ ಹೆಚ್ಚುಕಡಿಮೆ 27ಕ್ಕೆ ಬರುತ್ತದೆ. ಉಳಿದ ನಾಲ್ಕಂಗುಲವನ್ನು ಸರ್ಕಾರದ ಪರವಾಗಿ ಅವರ ಭುಜವೇ ಭರಿಸಬೇಕು. ಎತ್ತರ ಹೊಂದಿಸುವ ಕುರ್ಚಿ ಬಂದಲ್ಲಿ ಕಥೆ ಬೇರೆಯೇನಲ್ಲ: ಅದನ್ನು ಎತ್ತಿ ಹಿಡಿಯುವ ಗ್ಯಾಸ್ ಸಿಲಿಂಡರಿನ ಸೀಲ್ ಹೋಗಿ, ಊಟದ ಹೊತ್ತಿಗೆ ಕುರ್ಚಿ ಕೂತವರ ಸಮೇತ ತಳ ಸೇರಿರುತ್ತದೆ.

ಬಂದರಿನ ಹಮಾಲ ಮೂಟೆ ಎತ್ತುತ್ತಾನೆ, ಇಳಿಸುತ್ತಾನೆ. ಇವರು ಎತ್ತಿಕೊಂಡಿರುವುದು ತಮ್ಮದೇ ತೋಳನ್ನು; ಸಂಜೆವರೆಗೆ ಇಳಿಸುವ ಹಾಗಿಲ್ಲ. ಕುತ್ತಿಗೆಯಿಂದ ಭುಜಕ್ಕೆ ಇಳಿಯುವ ಟ್ರೆಪೀಜಿಯಸ್ ಸ್ನಾಯುವಿನಲ್ಲಿ ಬಿಗಿತ ಸಣ್ಣದೇ, ಆದರೆ ದುಡಿಯುವ ಎಳೆಗಳು ಅವವೇ, ರಜೆಯಿಲ್ಲದೆ. ಮೌಸ್ ಇರುವುದು ಕೀಬೋರ್ಡಿನ ನಂಬರ್ ಪ್ಯಾಡ್, ಸ್ಟಾಂಪ್ ಪ್ಯಾಡ್, ಚಹಾ ಲೋಟ ಎಲ್ಲ ದಾಟಿದ ಮೇಲೆ. ತೋಳು ಚಾಚಿಯೇ ಇರಬೇಕು. ಇವರಿಗೆ ನಿಜವಾದ ವಿಶ್ರಾಂತಿ ಕೊಡುವ ಏಕೈಕ ವೈದ್ಯ ಸರ್ವರ್. ಡೌನ್ ಆದಾಗ ಮಾತ್ರ ಕೈ ಮಡಿಲಿಗೆ ಇಳಿಯುತ್ತದೆ.

ಇಲಾಖೆ ಸುಮ್ಮನಿಲ್ಲ. ಜೂನ್ 21ಕ್ಕೆ ಯೋಗ ದಿನವಿದೆ. ಆ ಹೊತ್ತಿಗೆ ಕಾರವಾರದ ಮಳೆ ಕಡಲತೀರದಲ್ಲಿ ಚಾಪೆ ಹಾಸಲು ಬಿಡುವುದಿಲ್ಲವಾದ್ದರಿಂದ ಸಭಾಭವನದಲ್ಲಿ ಭುಜಂಗಾಸನ, ಫೋಟೊ, ಉಪ್ಪಿಟ್ಟು. ಹತ್ತು ಗಂಟೆಗೆ ಮತ್ತೆ ಅದೇ 31 ಅಂಗುಲ.

ಮೇಜಿನ ಕಾಲು ನಾಲ್ಕಂಗುಲ ಕೊಯ್ಯಲು ಆಚಾರಿಗೆ ಅರ್ಧ ಗಂಟೆ ಸಾಕು. ಆದರೆ ಅದು ಸರ್ಕಾರಿ ಸ್ವತ್ತಿಗೆ ಹಾನಿ. ಕೊಯ್ದ ತುಂಡುಗಳನ್ನು ಯಾವ ವಹಿಯಲ್ಲಿ ಜಮಾ ಮಾಡುವುದು ಎಂಬ ಪ್ರಶ್ನೆ ಬೇರೆ.

ಮೇಜು ಇಳಿಯದಿದ್ದರೆ ಮನುಷ್ಯರೇ ಏರಬೇಕು. ಕುರ್ಚಿಗೆ ನಾಲ್ಕಂಗುಲದ ಗಟ್ಟಿ ದಿಂಬು. ಮೆತ್ತನೆಯದು ಕೂತೊಡನೆ ಎರಡಂಗುಲವಾಗುತ್ತದೆ. ಮೊಣಕೈ ಪಕ್ಕೆಗೆ ತಾಗಿರಲಿ, ಮೌಸ್ ಕೀಬೋರ್ಡಿಗೆ ಅಂಟಿರಲಿ, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿರಲಿ. ಅರ್ಧ ಗಂಟೆಗೊಮ್ಮೆ ಎದ್ದು, ಹೆಗಲಹಲಗೆಗಳನ್ನು ಹಿಂದಕ್ಕೆ ಎಳೆದು ಬಿಡುವುದು ಹತ್ತು ಸಲ. ಇಷ್ಟಾದರೂ ತೋಳು ಪಕ್ಕಕ್ಕೆ ಎತ್ತುವಾಗ ಭುಜದ ಮಟ್ಟದ ಆಸುಪಾಸಿನಲ್ಲಿ ಚುಚ್ಚಿದರೆ, ರಾತ್ರಿ ಆ ಮಗ್ಗುಲಿಗೆ ಮಲಗಲಾಗದಿದ್ದರೆ, ಮುಲಾಮು ಬಿಟ್ಟು ಮೂಳೆ ವೈದ್ಯರನ್ನು ಕಾಣಿ. ಸಕ್ಕರೆ ಕಾಯಿಲೆಯವರು ಇನ್ನೂ ಬೇಗ. ಅವರ ಭುಜ ಮರಗಟ್ಟಿ ಕೂರುವುದು ಹೆಚ್ಚು.

ದಿಂಬು ಹಾಕಿದರೆ ಕಾಲು ಜೋತಾಡುತ್ತದೆ. ಅದಕ್ಕೆ ಕೆಳಗೆ ನಾಲ್ಕಂಗುಲದ ಕಡತದ ಕಟ್ಟು ಬೇಕು. ನಮ್ಮ ಜಿಲ್ಲೆಯಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿಗಳೇ ಉತ್ತಮ: ಗಟ್ಟಿ ಕಟ್ಟು, ಸದ್ಯಕ್ಕೆ ಅಲ್ಲಾಡುವ ಲಕ್ಷಣವೂ ಇಲ್ಲ.