ಹಳೇ ಗೇಮ್ ಮಶೀನಲ್ಲಿ ಕೆಂಪು ಪಾದರಸ ಇಲ್ಲ, ಒಡೆಯೋಕೆ ಹೋಗ್ಬೇಡಿ

ಹಳೇ ಟಿವಿ, ರೇಡಿಯೋ, ಕಾಯಿನ್ ಹಾಕಿ ಆಡೋ ವಿಡಿಯೋ ಗೇಮ್ ಮಶೀನಲ್ಲೆಲ್ಲಾ ಲಕ್ಷಗಟ್ಲೆ ಬೆಲೆಯ ಕೆಂಪು ಪಾದರಸ ಇರುತ್ತೆ ಅನ್ನೋ ಮೆಸೇಜು ಮತ್ತೆ ಮತ್ತೆ ಸುತ್ತುತ್ತಾನೇ ಇರುತ್ತೆ. ಅಂಥದ್ದೇನೂ ಇಲ್ಲ. ಪಾದರಸ ಬೆಳ್ಳಿ ಬಣ್ಣದ್ದು, ಅದು ಗಂಧಕದ ಜೊತೆ ಸೇರಿ ಕೆಂಪಾದ್ರೆ ಇಂಗಳೀಕ, ಅದಕ್ಕೆ ಯಾರೂ ಲಕ್ಷ ಕೊಡಲ್ಲ, ಈ ಮಶೀನುಗಳ ಪರದೆಯಾಗಿರೋ ಗಾಜಿನ ಪಿಕ್ಚರ್ ಟ್ಯೂಬಲ್ಲಿ ಅದೂ ಇರಲ್ಲ.

ಟ್ಯೂಬೊಳಗೆ ಗಾಳಿನೂ ಇರಲ್ಲ, ವ್ಯಾಕ್ಯೂಮ್, ಅದಕ್ಕೇ ಒಡೆದ್ರೆ ಗಾಜು ಸಿಡಿಯುತ್ತೆ, ಗಾಜಲ್ಲಿ ಸೀಸ ಬೇರೆ, ಕಲರ್ ಟ್ಯೂಬಾದ್ರೆ ಸುಮಾರು 20,000 ವೋಲ್ಟಲ್ಲಿ ಕೆಲಸ ಮಾಡುತ್ತೆ, ಪ್ಲಗ್ ಕಿತ್ತಮೇಲೂ ಚಾರ್ಜ್ ಉಳಿದಿರಬಹುದು. ನನಗೆ ಭಯ ಇರೋದೇ ಇದ್ರದ್ದು.

ಮೆಸೇಜು ಕಳಿಸಿದೋರು ಒಳ್ಳೇದಕ್ಕೇ ಕಳಿಸಿರ್ತಾರೆ. ಆದ್ರೂ ಅದರಲ್ಲಿ ಪಾದರಸ ಕೊಳ್ತೀವಿ ಅನ್ನೋರ ವಿಳಾಸ ಇದ್ಯಾ, ಮೊದಲೇ ಅಡ್ವಾನ್ಸ್ ಕೇಳ್ತಿದಾರಾ ನೋಡಿ. ಎಷ್ಟೋ ಮಶೀನುಗಳ ಸರ್ವಿಸ್ ಮ್ಯಾನ್ಯುಯಲ್ ನೆಟ್ಟಲ್ಲಿ ಸಿಗುತ್ತೆ, ಪಾರ್ಟ್ಸ್ ಲಿಸ್ಟಲ್ಲಿ ಹುಡುಕಿ, ಇಲ್ಲಾಂದ್ರೆ ಶಿವಮೊಗ್ಗದಲ್ಲೋ ಸಾಗರದಲ್ಲೋ ವರ್ಷಗಟ್ಲೆ ಟಿವಿ ರಿಪೇರಿ ಮಾಡಿದೋರನ್ನ, ಕೆಮಿಸ್ಟ್ರಿ ಮೇಷ್ಟ್ರನ್ನ ಕೇಳಿ.

ಮನೇಲಿ ಅಂಥ ಮಶೀನಿದ್ರೆ ಉಳಿಸ್ಕೊಳ್ಳಿ. ನಮ್ಮ ಮಳೆಗಾಲದ ಥಂಡಿಗೆ ಅದರ ಪೆಟ್ಟಿಗೆಯ ಪಾರ್ಟಿಕಲ್ ಬೋರ್ಡ್ (ಮರದ ಪುಡಿ ಒತ್ತಿ ಮಾಡಿದ ಹಲಗೆ) ಉಬ್ಬುತ್ತೆ, ನೆಲದಿಂದ ಸ್ವಲ್ಪ ಎತ್ತರಿಸಿ ಗೋಡೆಯಿಂದ ದೂರ ಇಡಿ, ಹಿಂದಿನ ಬಾಗಿಲು ಮಾತ್ರ ಕೆಲಸ ಗೊತ್ತಿರೋರೇ ತೆಗೀಲಿ.